ಸಾಧನ ಕೊಳ್ಳಲು ಹಣವಿದೆ, ಸಿದ್ಧವಾಗಿಡಲು?



ವೈದ್ಯಕೀಯ ನೆರವು ನಿಧಿಗೆ ದೇಣಿಗೆ ಕೇಳಲು ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. “ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸವಲ್ಲವೇ? ಆಸ್ತಿ ತೆರಿಗೆ ಕಟ್ಟುತ್ತೇವೆ, ಆದಾಯ ತೆರಿಗೆ ಕಟ್ಟುತ್ತೇವೆ. ಆಂಬುಲೆನ್ಸು, ಆಮ್ಲಜನಕ, ಬೆಂಕಿ ಆರಿಸುವ ಸಲಕರಣೆ, ಇವಕ್ಕೆ ಮತ್ತೆ ನಾವೇಕೆ ಹಣ ಕೊಡಬೇಕು?” ಪ್ರಶ್ನೆ ನ್ಯಾಯವಾದದ್ದು. ಹಣ ಕೊಡುವವರಿಗೆ ಕೇಳುವ ಹಕ್ಕಿದೆ, ಕೇಳಿಸಿಕೊಂಡವರಿಗೆ ಲೆಕ್ಕ ಒಪ್ಪಿಸುವ ಹೊಣೆ ಇದೆ.

ಈ ವರ್ಷ ಈ ಪ್ರಶ್ನೆಗೆ ಇನ್ನೊಂದು ಕಾರಣಕ್ಕೂ ಉತ್ತರ ಹುಡುಕಬೇಕಾಗಿದೆ. ಹಿರಿಯರ ನೆನಪಿನಲ್ಲಿ ಸಂಘಕ್ಕೆ ಆಂಬುಲೆನ್ಸ್ ಕೊಡಿಸಲು ಕೆಲವು ಕುಟುಂಬಗಳು ಮುಂದೆ ಬಂದಿವೆ. ದೊಡ್ಡ ಮನಸ್ಸಿನ ಕೊಡುಗೆ, ಅನುಮಾನವಿಲ್ಲ. ಸ್ವೀಕರಿಸಬೇಕೇ, ಬೇಡವೇ, ಸ್ವೀಕರಿಸಿದರೆ ಯಾವ ಷರತ್ತಿನ ಮೇಲೆ ಎಂಬುದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಗಬೇಕು. ಅದಕ್ಕೆ ಮುನ್ನ ತುರ್ತು ಸಲಕರಣೆಗಳಿಗೆ ಸರ್ಕಾರದ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ತೀರ್ಮಾನ ಸುಲಭವಾಗುತ್ತದೆ.

ಕಾನೂನು ಏನು ಹೇಳುತ್ತದೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನು ಹೇಳುತ್ತದೆ. ನಗರಸಭೆ ಅಥವಾ ಪಾಲಿಕೆ ತನ್ನ ನೌಕರರಿಗೆ ತರಬೇತಿ ಕೊಡಿಸಬೇಕು. ವಿಪತ್ತಿಗೆ ಬೇಕಾದ ಸಂಪನ್ಮೂಲಗಳನ್ನು, ಬೇಕೆಂದ ಕ್ಷಣದಲ್ಲಿ ಕೈಗೆ ಸಿಗುವಂಥ ಸ್ಥಿತಿಯಲ್ಲಿ ನಿರ್ವಹಿಸಬೇಕು. ಇಲ್ಲಿರುವ ‘ನಿರ್ವಹಿಸಬೇಕು’ ಎಂಬ ಪದವನ್ನು ಗಮನಿಸಿ. ಕೊಂಡರೆ ಸಾಲದು, ಸಿದ್ಧವಾಗಿಡಬೇಕು ಎಂದೇ ಕಾನೂನಿನ ಅರ್ಥ.

2025ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಯಿತು. ರಾಜ್ಯದ ರಾಜಧಾನಿಗಳಿಗೂ ಮಹಾನಗರ ಪಾಲಿಕೆ ಇರುವ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶವಾಯಿತು. ಪಾಲಿಕೆಯ ಆಯುಕ್ತರೇ ಅದರ ಅಧ್ಯಕ್ಷರು. ಹೈದರಾಬಾದಿನಲ್ಲಿ ಪಾಲಿಕೆ 2018ರಲ್ಲಿ ತನ್ನದೇ ವಿಪತ್ತು ಸ್ಪಂದನಾ ಪಡೆ ಕಟ್ಟಿತ್ತು. 2024ರ ಜುಲೈಯಲ್ಲಿ ರಾಜ್ಯ ಸರ್ಕಾರ ‘ಹೈಡ್ರಾ’ ಎಂಬ ಸಂಸ್ಥೆ ಸ್ಥಾಪಿಸಿ ಆ ಹೊಣೆಯನ್ನು ಹೊರವರ್ತುಲ ರಸ್ತೆಯವರೆಗೂ ವಿಸ್ತರಿಸಿತು. ಪತ್ರಿಕೆಗಳಲ್ಲಿ ಕೆರೆ ಒತ್ತುವರಿ ತೆರವಿನ ಸುದ್ದಿಯೇ ಹೆಚ್ಚು ಬಂದರೂ ಮಳೆಗಾಲದಲ್ಲಿ ಪಂಪು, ಮರ ಕತ್ತರಿಸುವ ಯಂತ್ರ ಹಿಡಿದು ಬರುವವರೂ ಇದೇ ಸಂಸ್ಥೆಯವರು. ಅಗ್ನಿಶಾಮಕ ಸೇವೆಯನ್ನು ಸಂವಿಧಾನದ 12ನೇ ಅನುಸೂಚಿ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆಯಾಗಿಯೇ ಉಳಿದಿದೆ. ಹೀಗಾಗಿ ನಾವು ಆಸ್ತಿ ತೆರಿಗೆ ಕಟ್ಟುವುದು ಒಂದು ಕಚೇರಿಗೆ, ಬೆಂಕಿ ಬಿದ್ದರೆ ಬರುವವರು ಇನ್ನೊಂದು ಕಚೇರಿಯವರು.

ನೂರು ರೂಪಾಯಿಯ ಹಂಚಿಕೆ

15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆಂದು 1,60,153 ಕೋಟಿ ರೂಪಾಯಿ ಗೊತ್ತುಪಡಿಸಿತು. ತೆಲಂಗಾಣ, ಕರ್ನಾಟಕದಂಥ ರಾಜ್ಯಗಳಿಗೆ ಇದರಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಈ ಹಣವನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ ಹಂಚಿಕೆ ಹೀಗಿದೆ:

ಸ್ಪಂದನೆ ಮತ್ತು ಪರಿಹಾರ — 40 ರೂ.
ಪುನರ್ನಿರ್ಮಾಣ — 30 ರೂ.
ವಿಪತ್ತಿನ ತೀವ್ರತೆ ತಗ್ಗಿಸುವ ಕಾಮಗಾರಿ — 20 ರೂ.
ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿ — 10 ರೂ.

ಮೊದಲಿನ ಎಪ್ಪತ್ತು ರೂಪಾಯಿ ಅನಾಹುತ ಬಂದ ಮೇಲೆ ಖರ್ಚಾಗುವಂಥದು. ಸಲಕರಣೆ, ತರಬೇತಿಗೆಂದು ಮುಂಚಿತವಾಗಿ ಸಿಗುವುದು ಕೊನೆಯ ಹತ್ತು ರೂಪಾಯಿ ಮಾತ್ರ. ಅದನ್ನು ಇಡೀ ದೇಶದ ಲೆಕ್ಕದಲ್ಲಿ ನೋಡೋಣ. 1,60,153 ಕೋಟಿಯ ಹತ್ತನೇ ಒಂದು ಪಾಲು ಸುಮಾರು 16,015 ಕೋಟಿ. ಜನಸಂಖ್ಯೆ 140 ಕೋಟಿ ಎಂದರೆ ತಲೆಗೆ ಐದು ವರ್ಷಕ್ಕೆ 114 ರೂಪಾಯಿ, ವರ್ಷಕ್ಕೆ 23 ರೂಪಾಯಿ. ನಮ್ಮ ಊರಿನಲ್ಲಿ ಒಂದು ಇರಾನಿ ಚಹಾ ಕುಡಿದರೆ ಮುಗಿಯಿತು.

ಈ ಹಣದ ಕೀಲಿಕೈ ರಾಜ್ಯದ ಮುಖ್ಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ಸಮಿತಿಯ ಕೈಯಲ್ಲಿರುತ್ತದೆ. ಅಲ್ಲಿಂದ ನಮ್ಮ ವಾರ್ಡಿನವರೆಗೆ ಇಳಿಯಬೇಕು. ಇದಲ್ಲದೆ ಅದೇ ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ಆಧುನೀಕರಣಕ್ಕೆ 5,000 ಕೋಟಿ, ಏಳು ಮಹಾನಗರಗಳ ನೆರೆ ತಡೆಗೆ 2,500 ಕೋಟಿ ಪ್ರತ್ಯೇಕವಾಗಿ ಇಡಲಾಯಿತು. ಎರಡನೆಯದರಲ್ಲಿ ಹೈದರಾಬಾದಿನ ಪಾಲು 250 ಕೋಟಿ, ಬೆಂಗಳೂರಿಗೂ ಅಷ್ಟೇ. ಹಣವೇ ಇಲ್ಲ ಎನ್ನುವ ಹಾಗಿಲ್ಲ. ಹಾಗಾದರೆ ತೊಡಕು ಎಲ್ಲಿದೆ ಎಂಬುದಕ್ಕೆ ನಮ್ಮ ಊರಿನ ಚರಿತ್ರೆಯನ್ನೇ ನೋಡಬಹುದು.

ಈ ಊರು ಕಂಡದ್ದು

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದಾಗ ಸುಮಾರು 15,000 ಜನ ಸತ್ತರೆಂದು ಅಂದಾಜು. ಆಗಿನ ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಸೆಮರವೊಂದನ್ನು ಹತ್ತಿ ನೂರೈವತ್ತು ಮಂದಿ ಬದುಕಿದರು ಎನ್ನುತ್ತಾರೆ. ಇಂದಿನ ಉಸ್ಮಾನಿಯಾ ಆಸ್ಪತ್ರೆಗೆ ಹೋದವರು ಆ ಮರವನ್ನು ನೋಡಿರುತ್ತೀರಿ. ಆ ದಿನ ಊರಿನ ಬಳಿ ಇದ್ದ ತುರ್ತು ಸಲಕರಣೆ ಎಂದರೆ ಅದೊಂದು ಮರ.

ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ಮುದ್ದೇನಹಳ್ಳಿಯ ನಮ್ಮ ವಿಶ್ವೇಶ್ವರಯ್ಯನವರನ್ನು. ಜಲಾನಯನ ಪ್ರದೇಶದ ಕೆರೆಗಳು ಒಂದರ ಹಿಂದೊಂದು ಒಡೆದದ್ದು, ಮಳೆಯ ಪ್ರಮಾಣ, ನದಿಯ ಹರಿವು ಎಲ್ಲವನ್ನೂ ಲೆಕ್ಕ ಹಾಕಿ, ಊರಿನ ಮೇಲ್ಭಾಗದಲ್ಲಿ ನೀರು ಹಿಡಿದಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸಲಹೆ ಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಅಣೆಕಟ್ಟು ಕಟ್ಟಿದ್ದು ಒಮ್ಮೆ. ಅದರ ಗೇಟು ತುಕ್ಕು ಹಿಡಿಯದಂತೆ ನೋಡಿಕೊಂಡು, ಬೇಕಾದ ರಾತ್ರಿ ಎತ್ತುವ ಕೆಲಸ ನೂರು ವರ್ಷಗಳಿಂದ ನಡೆಯುತ್ತಲೇ ಇದೆ. ಕಟ್ಟಿದವರ ಹೆಸರು ನಮಗೆ ಗೊತ್ತು, ಗೇಟಿಗೆ ಗ್ರೀಸು ಹಚ್ಚಿದವರ ಹೆಸರು ಯಾರಿಗೂ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಊರು ಉಳಿಯದು.

2000ದ ಆಗಸ್ಟ್‌ನಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆ ಸುರಿಯಿತು. ರಾಜಕಾಲುವೆಗಳನ್ನು ಸರಿಪಡಿಸಲು ತಜ್ಞರ ವರದಿ ತಯಾರಾಯಿತು. 2020ರ ಅಕ್ಟೋಬರ್ 13-14ರ ಮಳೆಗೆ ಮತ್ತೆ ಬಡಾವಣೆಗಳು ಮುಳುಗಿದವು. ಆಗ ಸಂತ್ರಸ್ತ ಕುಟುಂಬಕ್ಕೆ 10,000 ರೂಪಾಯಿಯಂತೆ ಕೊಡಲು ರಾಜ್ಯ ಸರ್ಕಾರ 550 ಕೋಟಿ ಬಿಡುಗಡೆ ಮಾಡಿತು. ರಾಜಕಾಲುವೆಗಳಿಗಾಗಿ ಸುಮಾರು 985 ಕೋಟಿಯ ಯೋಜನೆಗೆ ಚಾಲನೆ ಸಿಕ್ಕಿದ್ದು ಅದರ ನಂತರ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿಯ ನೀರು ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೇ ನುಗ್ಗಿತು. ಕಲಬುರಗಿ, ಬೀದರ್, ರಾಯಚೂರಿನಿಂದ ರೋಗಿಗಳನ್ನು ಕರೆದುಕೊಂಡು ಬರುವ ನಮ್ಮ ಜನ ಬಸ್ಸಿಳಿಯುವ ಜಾಗ ಅದು.

ಬೆಂಕಿಯ ಕಥೆಯೂ ಬೇರೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲೊಂದರಲ್ಲಿ 8 ಜನ, 2023ರ ಮಾರ್ಚ್‌ನಲ್ಲಿ ಸ್ವಪ್ನಲೋಕ್ ಕಾಂಪ್ಲೆಕ್ಸಿನಲ್ಲಿ 6 ಜನ, 2025ರ ಮೇ 18ರಂದು ಗುಲ್ಜಾರ್ ಹೌಜ್ ಬಳಿಯ ಮನೆಯಲ್ಲಿ 17 ಜನ ತೀರಿಕೊಂಡರು. ಈ ಮೂರು ಕಡೆಯೂ ಹೆಚ್ಚಿನವರ ಜೀವ ತೆಗೆದದ್ದು ಹೊಗೆ. ಹೊಗೆ ಫೈರ್ ಇಂಜಿನ್ ಬರುವವರೆಗೆ ಕಾಯುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಕೆಲಸಕ್ಕೆ ಬರುವುದು ಆ ಕಟ್ಟಡದಲ್ಲೇ ಇರುವ ವಸ್ತು, ಅದನ್ನು ಬಳಸಲು ಗೊತ್ತಿರುವ ಮನುಷ್ಯ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂದು ಹಿರಿಯರು ಹೇಳಿದ್ದು ಇದಕ್ಕೇ. ಬಾವಿ ತೋಡುವುದಕ್ಕೆ ಕಾನೂನಿನಲ್ಲೂ ಅನುಕೂಲವಿದೆ. ವಿಪತ್ತು ಬಂದಾಗ ಟೆಂಡರ್ ಕರೆಯದೆಯೇ ಸಾಮಗ್ರಿ ಕೊಳ್ಳಲು ಇದೇ ಕಾಯ್ದೆಯ 50ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವಿಪತ್ತಿಗೆ ಮುಂಚೆ ಅದೇ ಸಾಮಗ್ರಿಗೆ ಟೆಂಡರು, ಮಂಜೂರಾತಿ, ಆಕ್ಷೇಪಣೆ ಎಲ್ಲ ದಾಟಿ ಬರಬೇಕು.

ಎರಡು ಬಗೆಯ ಖರ್ಚು

ಕಾಮರ್ಸ್ ಓದಿದವರಿಗೆ ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚದ ವ್ಯತ್ಯಾಸ ಗೊತ್ತು. ಒಮ್ಮೆ ಕೊಂಡು ಹಲವು ವರ್ಷ ಬಳಸುವುದು ಮೊದಲನೆಯದು. ವರ್ಷ ವರ್ಷ ಖರ್ಚಾಗುವ ಸಂಬಳ, ಡೀಸೆಲ್, ದುರಸ್ತಿ, ಬ್ಯಾಟರಿ ಎರಡನೆಯದು. ತುರ್ತು ಸಲಕರಣೆಗಳ ವಿಷಯದಲ್ಲಿ ಮೊದಲನೆಯದಕ್ಕೆ ಹಣ ಕೊಡುವವರು ಹಲವರು, ಎರಡನೆಯದಕ್ಕೆ ಬಹಳ ಕಡಿಮೆ.

ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಅದರಿಂದ ಬಾಳಿಕೆ ಬರುವ ಆಸ್ತಿ ಮಾಡಬಹುದು, ಆವರ್ತಕ ಖರ್ಚಿಗೆ ಅವಕಾಶವಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ವಿಪತ್ತು ನಿರ್ವಹಣೆಗೂ ಬಳಸಬಹುದೆಂದು 2019ರಲ್ಲಿ ಕಂಪನಿ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. ಆದರೆ ಕಂಪನಿಗೆ ಬೇಕಾಗುವುದು ಫಲಕ ಹಾಕಿ ಫೋಟೋ ತೆಗೆಸಿಕೊಳ್ಳಬಹುದಾದ ವಸ್ತು. ನಮ್ಮ ಪಾಲಿಕೆಯೇ 2018 ಮತ್ತು 2019ರಲ್ಲಿ ಬಾಂಡುಗಳ ಮೂಲಕ ಮಾರುಕಟ್ಟೆಯಿಂದ 495 ಕೋಟಿ ಎತ್ತಿತು. ಮೊದಲ 200 ಕೋಟಿಗೆ ಬಡ್ಡಿ ಶೇ. 8.90. ಆ ಹಣ ಹೋದದ್ದು ರಸ್ತೆ, ಮೇಲ್ಸೇತುವೆಗಳಿಗೆ. ಮೇಲ್ಸೇತುವೆಗೆ ಸಾಲ ಹುಟ್ಟುತ್ತದೆ. ಪಂಪಿನ ಡೀಸೆಲ್ಲಿಗೆ, ಹಗ್ಗ ಬದಲಾಯಿಸುವುದಕ್ಕೆ ಯಾವ ಬ್ಯಾಂಕೂ ಸಾಲ ಕೊಡದು.

ಕೋವಿಡ್ ಕಾಲ ನೆನಪಿಸಿಕೊಳ್ಳಿ. 2021ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ ದೇಶದಲ್ಲಿ 1,200ಕ್ಕೂ ಹೆಚ್ಚು ಆಮ್ಲಜನಕ ಘಟಕಗಳಿಗೆ ಹಣ ಸಿಕ್ಕಿತು. ಘಟಕ ಬಂದಿತು, ಉದ್ಘಾಟನೆಯಾಯಿತು. ಅದನ್ನು ನಡೆಸಲು ತಂತ್ರಜ್ಞರು, ವಿದ್ಯುತ್ತು, ಬಿಡಿಭಾಗ ಬೇಕಲ್ಲ? ಅದು ಆಯಾ ಆಸ್ಪತ್ರೆಯ, ಆಯಾ ರಾಜ್ಯದ ತಲೆಯ ಮೇಲೆ ಬಿತ್ತು.

ಒಳ್ಳೆಯ ಉದಾಹರಣೆಯೂ ಈ ಊರಿನದ್ದೇ. 108 ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾಯಿತು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂದಿತು. ಇಪ್ಪತ್ತು ವರ್ಷ ಅದು ಓಡಿದ್ದು ಗಾಡಿ ಕೊಟ್ಟವರಿಂದ ಮಾತ್ರವಲ್ಲ. ಚಾಲಕ, ತಂತ್ರಜ್ಞ, ಡೀಸೆಲ್ಲು, ಫೋನ್ ಎತ್ತುವವರು, ಈ ದಿನನಿತ್ಯದ ಖರ್ಚಿಗೆ ಬಜೆಟ್ಟಿನಲ್ಲಿ ಒಂದು ಖಾಯಂ ಜಾಗ ಸಿಕ್ಕಿತು. ಅದು ಸಿಕ್ಕದ ಯೋಜನೆಗಳ ಗಾಡಿಗಳು ಶೆಡ್ಡಿನಲ್ಲಿ ನಿಲ್ಲುತ್ತವೆ.

ಸಾಧನಕ್ಕೂ ಆಯಸ್ಸಿದೆ

ಬೀರುವಿನಲ್ಲಿಟ್ಟ ಸ್ಟೀಲು ಪಾತ್ರೆ ಹತ್ತು ವರ್ಷದ ನಂತರವೂ ಪಾತ್ರೆಯೇ. ವೈದ್ಯಕೀಯ ಸಾಧನ ಹಾಗಲ್ಲ.

ಆಮ್ಲಜನಕ ಕಾನ್ಸಂಟ್ರೇಟರ್ ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸುವುದು ಒಳಗಿನ ಜಿಯೋಲೈಟ್ ಹರಳುಗಳಿಂದ. ಬಳಸದೆ ತಿಂಗಳುಗಟ್ಟಲೆ ಇಟ್ಟರೆ ಅವು ತೇವ ಹೀರಿ ಕೆಡುತ್ತವೆ. ಯಂತ್ರ ಸದ್ದು ಮಾಡುತ್ತದೆ, ಗಾಳಿ ಬರುತ್ತದೆ, ಅದರಲ್ಲಿ ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಆದ್ದರಿಂದ ಆಗಾಗ ಓಡಿಸಬೇಕು, ಫಿಲ್ಟರ್ ತೊಳೆಯಬೇಕು, ಶುದ್ಧತೆ ಅಳೆಯಬೇಕು.

ಆಮ್ಲಜನಕ ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ.

ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವನ್ನು ಕೆಲವು ಸದಸ್ಯರು ಸೂಚಿಸಿದ್ದಾರೆ. ಹೃದಯ ನಿಂತ ಮೇಲೆ ಎದೆ ಒತ್ತುವ ಚಿಕಿತ್ಸೆಯೂ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹಾಗಾಗಿ ಸೂಚನೆ ಸರಿಯೇ. ಆದರೆ ಅದರ ಬ್ಯಾಟರಿಗೂ ಎದೆಗೆ ಅಂಟಿಸುವ ಪ್ಯಾಡಿಗೂ ಅವಧಿ ಮುಗಿಯುವ ದಿನಾಂಕವಿದೆ. ಅಂಟು ಒಣಗಿದ ಪ್ಯಾಡು ಎದೆಗೆ ಕೂರುವುದಿಲ್ಲ.

ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಕಾರ್ಬನ್ ಡೈ ಆಕ್ಸೈಡ್ ಬಗೆಯದಕ್ಕೆ ಮುಳ್ಳೇ ಇರುವುದಿಲ್ಲ, ತೂಗಿಯೇ ನೋಡಬೇಕು. ಬ್ಯಾಂಕಿನಲ್ಲಿ ನಾವಿದ್ದಾಗ ತಪಾಸಣೆಗೆ ಬಂದ ಅಧಿಕಾರಿಗಳು ಲೆಡ್ಜರಿನ ಜೊತೆಗೆ ಈ ಸಿಲಿಂಡರಿಗೆ ಕಟ್ಟಿದ ಚೀಟಿಯನ್ನೂ ಓದುತ್ತಿದ್ದರು. ಮರುಭರ್ತಿಯ ದಿನಾಂಕ ದಾಟಿದ್ದರೆ ವರದಿಯಲ್ಲಿ ಒಂದು ಸಾಲು ಬೀಳುತ್ತಿತ್ತು, ಶಾಖಾ ವ್ಯವಸ್ಥಾಪಕರು ಉತ್ತರ ಬರೆಯಬೇಕಿತ್ತು. ಆ ಒಂದು ಸಾಲಿನ ಭಯಕ್ಕೆ ಸಿಲಿಂಡರು ಸಿದ್ಧವಾಗಿರುತ್ತಿತ್ತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಆ ಚೀಟಿ ಓದುವವರು ಯಾರು?

‘ಒಂದೂವರೆ’ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಾಧನದ ಬೆಲೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು ಸಿದ್ಧವಾಗಿಡಲು ವರ್ಷಕ್ಕೆ ಬೆಲೆಯ ಹತ್ತನೇ ಒಂದು ಪಾಲು, ಅಂದರೆ 6,000 ಬೇಕು ಎನ್ನೋಣ. ಈ 6,000 ಬಡ್ಡಿಯಿಂದಲೇ ಬರಬೇಕಾದರೆ, ಶೇ. 7ರ ದರದಲ್ಲಿ ಸುಮಾರು 86,000 ರೂಪಾಯಿ ಠೇವಣಿ ಇಡಬೇಕು. ಅಂದರೆ ಸಾಧನಕ್ಕಿಂತ ಅದನ್ನು ಕಾಯುವ ಹಣವೇ ದೊಡ್ಡದು! ಅಷ್ಟು ನಮ್ಮಿಂದ ಆಗದಿದ್ದರೂ ಐದು ವರ್ಷದ ನಿರ್ವಹಣೆಯಾದರೂ ಕೈಯಲ್ಲಿರಬೇಕು. ಅದು 30,000, ಬೆಲೆಯ ಅರ್ಧ.

ಆದ್ದರಿಂದ ಸಭೆಯ ಮುಂದೆ ಇಡಲಿರುವ ಸಲಹೆ ಸರಳವಾದದ್ದು. ಸಂಘ ಸ್ವೀಕರಿಸುವ ಯಾವುದೇ ಸಾಧನದ ಬೆಲೆ ನೂರು ರೂಪಾಯಿ ಆದರೆ, ಅದರ ಜೊತೆ ಐವತ್ತು ರೂಪಾಯಿ ನಿರ್ವಹಣಾ ಮೀಸಲಿಗೆ ಬರಬೇಕು. ದಾನಿಯೇ ಕೊಡಬಹುದು, ಇತರ ಸದಸ್ಯರು ಸೇರಿಸಿ ಕೊಡಬಹುದು. ಆ ಹಣ ಪ್ರತ್ಯೇಕ ಖಾತೆಯಲ್ಲಿರಬೇಕು, ಬೇರೆ ಕೆಲಸಕ್ಕೆ ಮುಟ್ಟಬಾರದು.

ಆಂಬುಲೆನ್ಸಿಗೆ ಈ ‘ಒಂದೂವರೆ’ಯೂ ಸಾಲದು. ಹಗಲು ರಾತ್ರಿ ಚಾಲಕರ ಪಾಳಿ, ವಿಮೆ, ಟೈರು, ಡೀಸೆಲ್ಲು ಸೇರಿದರೆ ಕೆಲವೇ ವರ್ಷಗಳಲ್ಲಿ ಗಾಡಿಯ ಬೆಲೆಯನ್ನು ಮೀರುತ್ತದೆ. 108 ಉಚಿತವಾಗಿ ಬರುವ ಊರಿನಲ್ಲಿ ನಮ್ಮದೊಂದು ಗಾಡಿ ಚಾಲಕನಿಲ್ಲದೆ ನಿಂತರೆ ಹಿರಿಯರ ಹೆಸರಿಗೂ ಗೌರವವಲ್ಲ. ಅದೇ ಹಣ ಎಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಆ ಕುಟುಂಬಗಳ ಜೊತೆ ಕುಳಿತು ಮಾತಾಡಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ.

ಎಲ್ಲಿ ಎಂದರೆ, ಸರ್ಕಾರದ ಹಣ ನಿಲ್ಲುವಲ್ಲಿ. ನಿಮ್ಸ್‌ನಲ್ಲೋ ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಚಿಕಿತ್ಸೆ ಮುಗಿಸಿ ಬಿಡುಗಡೆಯಾದ ರೋಗಿ ಯಾದಗಿರಿಯ ಹಳ್ಳಿಗೆ ಹೋಗುವ ಮುನ್ನ ಹತ್ತು ದಿನ ಇಲ್ಲೇ ಬಾಡಿಗೆ ಕೋಣೆಯಲ್ಲಿರುತ್ತಾನೆ. ಅವನಿಗೆ ಬೇಕಾಗುವುದು ಕಾನ್ಸಂಟ್ರೇಟರ್, ಗಾಲಿಕುರ್ಚಿ, ನೆಬ್ಯುಲೈಸರ್, ಮಡಚುವ ಮಂಚ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಇವಕ್ಕೆ ಯಾವ ಇಲಾಖೆಯಲ್ಲೂ ಲೆಕ್ಕ ಶೀರ್ಷಿಕೆ ಇಲ್ಲ. ಎರವಲು ಕೊಟ್ಟು, ವಾಪಸು ಪಡೆದು, ಶುಚಿಮಾಡಿ, ಪರೀಕ್ಷಿಸಿ ಇನ್ನೊಬ್ಬರಿಗೆ ಕೊಡುವ ಕೆಲಸ ಸಂಘವೊಂದು ಮಾಡಬಲ್ಲ ಕೆಲಸ.

ಸದಸ್ಯರಲ್ಲಿ ವಿನಂತಿ

ಸರ್ಕಾರ ಮಾಡಬೇಕಾದ್ದನ್ನು ನಾವು ಮಾಡುತ್ತೇವೆಂದು ಸರ್ಕಾರವನ್ನು ಬಿಟ್ಟುಬಿಡುವುದೂ ಸರಿಯಲ್ಲ. ಕೇಳುವುದು ಮತ್ತು ಕೊಡುವುದು ಎರಡೂ ಜೊತೆಯಾಗಿ ನಡೆಯಬೇಕು.

1. ನಿಮ್ಮ ವಾರ್ಡಿನ ಕಚೇರಿಗೆ ಮಳೆಗಾಲಕ್ಕೆ ಮುಂಚೆ ಒಂದು ಪತ್ರ ಬರೆಯಿರಿ. ಪಂಪು, ದೋಣಿ, ಹಗ್ಗ ಎಲ್ಲಿವೆ, ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದು, ಎಂಬ ಎರಡೇ ಪ್ರಶ್ನೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯ ನಮೂನೆಯನ್ನು ಸಂಘದ ಕಚೇರಿಯಲ್ಲಿ ತುಂಬಿಸಿಕೊಡುತ್ತೇವೆ.

2. ನಿಮ್ಮ ಅಪಾರ್ಟ್‌ಮೆಂಟಿನ ಬೆಂಕಿ ಸಿಲಿಂಡರಿನ ಚೀಟಿಯನ್ನು ಈ ಭಾನುವಾರವೇ ಓದಿ. ಮೆಟ್ಟಿಲ ಕೆಳಗೆ ಹಳೆಯ ಸಾಮಾನು, ಸ್ಕೂಟರು ಇದ್ದರೆ ತೆಗೆಸಿ. ಇದಕ್ಕೆ ಯಾವ ನಿಧಿಯೂ ಬೇಡ.

3. ಕೋವಿಡ್ ಕಾಲದಲ್ಲಿ ಕೊಂಡ ಕಾನ್ಸಂಟ್ರೇಟರ್, ಆಕ್ಸಿಮೀಟರ್ ಮನೆಯಲ್ಲಿ ಸುಮ್ಮನೆ ಇದ್ದರೆ ಸಂಘಕ್ಕೆ ಕೊಡಿ. ಕೆಟ್ಟಿದ್ದರೂ ತಿಳಿಸಿ, ದುರಸ್ತಿಯಾಗುವುದಾದರೆ ಮಾಡಿಸೋಣ.

4. ಎದೆ ಒತ್ತುವ ಪ್ರಥಮ ಚಿಕಿತ್ಸೆಯ ತರಬೇತಿಗೆ ಮನೆಗೊಬ್ಬರಂತೆ ಹೆಸರು ಕೊಡಿ. ಯಂತ್ರಕ್ಕಿಂತ ಮೊದಲು ಕೈ ಸಿದ್ಧವಾಗಬೇಕು.

5. ನಿರ್ವಹಣಾ ಮೀಸಲಿಗೆ ದೇಣಿಗೆ ಕೊಡಿ. ಚೆಕ್ಕಿನ ಹಿಂಭಾಗದಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯ ಟಿಪ್ಪಣಿಯಲ್ಲಿ ‘ನಿರ್ವಹಣೆ’ ಎಂದು ಬರೆದರೆ ಅದು ನೇರ ಆ ಖಾತೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಪ್ರತಿ ಸಾಧನದ ಸ್ಥಿತಿ, ಎಷ್ಟು ಮನೆಗೆ ಹೋಗಿ ಬಂತು, ಎಷ್ಟು ಖರ್ಚಾಯಿತು ಎಂಬ ಪಟ್ಟಿಯನ್ನು ಈ ಪತ್ರಿಕೆಯಲ್ಲೇ ಪ್ರಕಟಿಸಬೇಕೆಂದೂ ಸಲಹೆಯಲ್ಲಿ ಸೇರಿಸಿದ್ದೇನೆ.

ಈ ಮೀಸಲಿಗೆ ಕೊಟ್ಟವರ ಹೆಸರನ್ನು ಯಾವ ಯಂತ್ರದ ಮೇಲೂ ಕೆತ್ತಲಾಗುವುದಿಲ್ಲ. ಫಿಲ್ಟರಿನ ಮೇಲೆ, ಬ್ಯಾಟರಿಯ ಮೇಲೆ ಹೆಸರು ಬರೆಯಲು ಜಾಗವಿಲ್ಲ. ಆದರೆ ನಡುರಾತ್ರಿ ಯಾರದೋ ಮನೆಯಲ್ಲಿ ಸ್ವಿಚ್ ಒತ್ತಿದಾಗ ಯಂತ್ರ ಓಡಿದರೆ, ಅದನ್ನು ಓಡಿಸಿದ್ದು ನಿಮ್ಮ ಹಣ. ದಯವಿಟ್ಟು ಸಭೆಗೆ ಬನ್ನಿ, ನಿಮ್ಮ ಅಭಿಪ್ರಾಯ ಹೇಳಿ. ಬರಲಾಗದವರು ಪತ್ರದ ಮೂಲಕವಾದರೂ ತಿಳಿಸಿ.